ಬಾವಿಗೆ ಬಿದ್ದ ಹನ್ನೊಂದು ನಿಮಿಷದ ಪತ್ರ

ಅವನನ್ನು ಎಲ್ಲರೂ ಎಕ್ಸ್‌ಚೇಂಜ್ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿತ್ತು. ಎಂಟುನೂರು ಹಾಸಿಗೆಯ ಆಸ್ಪತ್ರೆ, ಅದರೊಳಗೆ ಆರುನೂರ ನಲವತ್ತು ಟೆಲಿಫೋನು, ಅಷ್ಟರ ನಂಬರೂ ಅವನ ತಲೆಯಲ್ಲಿ. ನೆಲಮಹಡಿಯಲ್ಲಿ, ಮೆಟ್ಟಿಲ ಅಡಿಯ ಕೋಣೆಯೊಂದರಲ್ಲಿ ಕೂತು ಹೊರಗಿನಿಂದ ಬಂದ ಕರೆಯನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ದಾಟಿಸುವುದು ಅವನ ಕೆಲಸ. ಆ ಕೋಣೆಗೆ ಕಿಟಕಿ ಇರಲಿಲ್ಲ. ಕಣ್ಣಿದ್ದವರು ಯಾರೂ ಅಲ್ಲಿ ಕೂರಲು ಒಪ್ಪದ್ದರಿಂದಲೇ ತನಗೆ ಆ ನೌಕರಿ ಸಿಕ್ಕಿದ್ದು ಎಂದು ಅವನೇ ನಗುತ್ತ ಹೇಳುತ್ತಿದ್ದ.

ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಅದಕ್ಕಾಗಿ ಮರುಗುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಸಭೆಯಲ್ಲಿ ಭಾಷಣ ಮಾಡುವವರು ಅವನ ಬಗ್ಗೆ ಹೇಳಲು ನಯವಾದ ಪದ ಹುಡುಕುತ್ತ ತಡವರಿಸಿದರೆ, ಕುರುಡ ಅನ್ನಿ ಸರ್, ಟೈಮ್ ಉಳಿಯುತ್ತೆ, ಎಂದು ಕೂತಲ್ಲಿಂದಲೇ ಕೂಗುತ್ತಿದ್ದ.

ಕೆಲಸಕ್ಕೆ ಸೇರಿದ ಆರನೇ ವರ್ಷ ಆಡಳಿತದವರು ಪಾಳಿ ಬದಲಿಸುವ ನೋಟಿಸೊಂದನ್ನು ಬೋರ್ಡಿಗೆ ಅಂಟಿಸಿದರು. ಕೊನೆಯಲ್ಲಿ ಎಂದಿನ ಸಾಲು: ಹದಿನೈದು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆಯಿದೆಯೆಂದು ಭಾವಿಸಲಾಗುವುದು. ಎಕ್ಸ್‌ಚೇಂಜ್ ದಿನಕ್ಕೆ ನಾಲ್ಕು ಸಲ ಆ ಬೋರ್ಡಿನ ಮುಂದೆಯೇ ಓಡಾಡಿದ. ಹದಿನಾರನೇ ದಿನ ಹಳೇ ಪಾಳಿಗೇ ಬಂದು ಕೂತ. ಹೊಸ ಪಾಳಿಗೆ ಗೈರುಹಾಜರಿ ಎಂದು ಬರೆದು ವಾರದ ಮಟ್ಟಿಗೆ ಅಮಾನತು ಮಾಡಿದರು. ಆಗ ಯೂನಿಯನ್ನಿಗೆ ಇನ್ನೂ ಹಲ್ಲಿದ್ದವು. ಅವನ ಜೊತೆ ದುಡಿಯುತ್ತಿದ್ದ ನಾವೆಲ್ಲ ಗೇಟಿನ ಮುಂದೆ ಐದು ದಿನ ಚಾಪೆ ಹಾಸಿ ಕೂತೆವು. ಕಕ್ಕಸುಮನೆಗೆ ಬಾಗಿಲು ಹಾಕಿಸುವುದರಿಂದ ಹಿಡಿದು ಹನ್ನೆರಡು ಬೇಡಿಕೆ ಗೆದ್ದೆವು, ಅದರಲ್ಲಿ ಒಂದು ಇವನದು: ಈ ನೌಕರನಿಗೆ ಸಂಬಂಧಿಸಿದ ಯಾವುದೇ ನೋಟಿಸನ್ನು ಅವನೆದುರು ಗಟ್ಟಿಯಾಗಿ ಓದಿ ಹೇಳಿ ಸಹಿ ಪಡೆಯತಕ್ಕದ್ದು. ಓದುವ ಕೆಲಸ ಹೊರರೋಗಿ ವಿಭಾಗದ ಆಯಾಳ ಪಾಲಿಗೆ ಬಂತು. ಏಳನೇ ಕ್ಲಾಸಿನವರೆಗೆ ಓದಿದವಳು, ಗಂಟಲು ಮಾತ್ರ ಮೂರು ವಾರ್ಡಿಗೆ ಸಾಕಾಗುವಷ್ಟು. ಅವಳು ಇವನಿಗೆ ತಮ್ಮಾ ಅನ್ನುತ್ತಿದ್ದಳು, ಇವನು ಅವಳಿಗೆ ಅಕ್ಕ.

ಮುಂದೆ ಹಳೇ ಟೆಲಿಫೋನ್ ಬೋರ್ಡು ಕಿತ್ತು ಕಂಪ್ಯೂಟರ್ ತಂದಿಟ್ಟರು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಕೊಳ್ಳಿ ಎಂದರೆ ಆಡಳಿತದವರು ಬೆಲೆ ಕೇಳಿ ಮುಖ ತಿರುಗಿಸಿದರು. ಕುರುಡರ ಸಂಘದಲ್ಲಿ ಯಾರೋ ಲಿನಕ್ಸ್ ಎಂಬುದೊಂದಿದೆ ಎಂದರು. ಒಬ್ಬ ಒಡೆಯನ ಕೈಯಲ್ಲಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ರಿಪೇರಿ ಮಾಡಿಕೊಳ್ಳಬಹುದಾದ ವ್ಯವಸ್ಥೆ. ಪರದೆ ಓದುವ ದನಿಯೂ ಅದರೊಳಗೆ ಪುಕ್ಕಟೆ. ಎಕ್ಸ್‌ಚೇಂಜ್ ಆಸ್ಪತ್ರೆಯವರು ಗುಜರಿಗೆ ಹಾಕಿದ್ದ ಒಂದು ಕಂಪ್ಯೂಟರನ್ನು ಮನೆಗೆ ಹೊತ್ತುಕೊಂಡು ಹೋಗಿ ಎರಡು ವರ್ಷ ಅದರ ಜೊತೆ ಗುದ್ದಾಡಿದ. ಪ್ರೋಗ್ರಾಮ್ ಬರೆಯುವುದನ್ನು ಕಿವಿಯಿಂದಲೇ ಕಲಿತ. ಪುಕ್ಕಟೆ ಎಂದು ತಿಳಿದ ಮೇಲೆ ಆಸ್ಪತ್ರೆಯವರೂ ತಮ್ಮ ಯಂತ್ರಗಳಿಗೆ ಲಿನಕ್ಸನ್ನೇ ಹಾಕಿಸಿದರು. ಅವನ ಹೆಂಡತಿ ಅದೇ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹರಿದ ಹಾಸು, ಗೌನು ಹೊಲಿಯುವವಳು. ಮನೆಯಲ್ಲಿ ಆ ಯಂತ್ರದ ಗೊಗ್ಗರು ದನಿ ಕೇಳಿ ಕೇಳಿ, ಇದೊಂದು ಸವತಿ ತಂದಿಟ್ಕೊಂಡಿದೀರಿ, ಇವಳಿಗೆ ನೆಗಡಿಯಾದ್ರೂ ವಾಸಿ ಮಾಡ್ಸಿ, ಅನ್ನುತ್ತಿದ್ದಳು.

ಒಂದು ಕೊರತೆ ಉಳಿದಿತ್ತು. ಒಳಗೆ ಹೋದ ಮೇಲೆ ಕಂಪ್ಯೂಟರ್ ಮಾತಾಡುತ್ತಿತ್ತು. ಆದರೆ ಬೆಳಿಗ್ಗೆ ಶುರು ಮಾಡಿದಾಗ ಹೆಸರು, ಗುಟ್ಟಿನ ಪದ ಕೇಳುವ ಮೊದಲ ಪರದೆ ಇರುತ್ತದಲ್ಲ, ಅಲ್ಲಿ ಮೂಕ. ಎಕ್ಸ್‌ಚೇಂಜ್ ಅದಕ್ಕಾಗಿ ಒಂಬೈನೂರು ಸಾಲಿನ ಒಂದು ಪ್ರೋಗ್ರಾಮ್ ತುಣುಕು ಬರೆದ. ಅದು ಬಾಗಿಲಲ್ಲೇ ನಿಂತು ಮಾತಾಡುತ್ತಿತ್ತು, ಆಮೇಲೆ ಒಳಗಿನ ದನಿಯನ್ನೂ ಎಬ್ಬಿಸುತ್ತಿತ್ತು. ಬರೆದದ್ದನ್ನು ಹಂಚಿದ. ಲಿನಕ್ಸ್ ಕಟ್ಟಿ ಊರೂರಿಗೆ ಕಳಿಸುವವರು ಅದನ್ನು ತಮ್ಮ ಮೂಟೆಯೊಳಗೆ ಸೇರಿಸಿಕೊಂಡು ಅವನನ್ನೇ ಅದರ ಉಸ್ತುವಾರಿ ಎಂದು ಬರೆದುಕೊಂಡರು. ಸಂಬಳವಿಲ್ಲ, ರಜೆಯಿಲ್ಲ, ಕೆಟ್ಟರೆ ಬೈಗುಳ ಮಾತ್ರ ಬರುತ್ತದೆ. ಆದರೂ ಎಲ್ಲೆಲ್ಲಿಂದಲೋ ಪತ್ರ ಬರುತ್ತಿದ್ದವು. ವಕೀಲಿಕೆ ಓದುವ ಹುಡುಗಿ, ಕೈಕಾಲು ತಿಕ್ಕಿ ನೋವಿಳಿಸುವ ಹೆಂಗಸು, ಪಿಂಚಣಿ ಕಚೇರಿಯ ಬೆರಳಚ್ಚುಗಾರ. ಇನ್ನೊಬ್ಬರನ್ನು ಕರೆಯದೆ ತಾವೇ ಕಂಪ್ಯೂಟರಿನ ಬಾಗಿಲು ತೆಗೆದೆವು ಎಂದು ಬರೆಯುತ್ತಿದ್ದರು. ಹನ್ನೊಂದು ವರ್ಷ ಅವನು ಅದನ್ನು ಸಾಕಿದ.

ಈಚೆಗೆ ಆ ಲೋಕದಲ್ಲಿ ಜಗಳ ಎದ್ದಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಹಳೇ ವ್ಯವಸ್ಥೆಯನ್ನು ತೆಗೆದು ಹೊಸದನ್ನು ತರುವ ಮಾತು. ಹಳೆಯದರಲ್ಲಿ ಯಾವ ತಂತ್ರಾಂಶ ಬೇಕಾದರೂ ಇನ್ನೊಂದರ ಕಿಟಕಿಯೊಳಗೆ ಇಣುಕಬಹುದಿತ್ತು. ಕಳ್ಳನಿಗೂ ಅನುಕೂಲ, ಕುರುಡನಿಗೆ ಓದಿ ಹೇಳುವ ದನಿಗೂ ಅನುಕೂಲ. ಹೊಸದರಲ್ಲಿ ಒಂದಕ್ಕೊಂದರ ನಡುವೆ ಗೋಡೆ. ಎಕ್ಸ್‌ಚೇಂಜ್ ಗೋಡೆಗೆ ವಿರೋಧಿಯಾಗಿರಲಿಲ್ಲ. ನನ್ನ ಗುಟ್ಟಿನ ಪದವನ್ನೂ ಯಾರೂ ಕದಿಯಬಾರದಲ್ಲ, ಗೋಡೆ ಕಟ್ಟಿ, ಆದರೆ ಕಟ್ಟುವಾಗಲೇ ಒಂದು ಕಿಂಡಿ ಬಿಡಿ, ಕಟ್ಟಿ ಮುಗಿದ ಮೇಲೆ ಸುತ್ತಿಗೆ ತಂದುಕೊಡಬೇಡಿ, ಎಂದು ಬರೆದಿದ್ದ. ಕಿಂಡಿಯ ಕೆಲಸ ಮಾಡಲು ಜನ ಸಾಲದು, ನೀವೂ ಕೈಜೋಡಿಸಿ ಎಂದರು. ಜೋಡಿಸುತ್ತೇನೆ ಎಂದ. ಅಷ್ಟರಲ್ಲಿ ಪತ್ರಗಳ ಕಾಟ ಶುರುವಾಯಿತು.

ಕೇಳಿದ್ದನ್ನು ಬರೆದುಕೊಡುವ ಯಂತ್ರಗಳು ಬಂದಿವೆಯಲ್ಲ, ಅವುಗಳ ಕಾಟ. ಬಾಗಿಲಿಗೆ ಸಂಬಂಧಿಸಿದ ತುಣುಕು ಎಂದ ಕೂಡಲೇ ದೋಷ ಹುಡುಕಿ ಹೆಸರು ಮಾಡಿಕೊಳ್ಳುವವರ ದೃಷ್ಟಿ ಅದರ ಮೇಲೆ ಬಿತ್ತು. ಅವರು ತಾವು ಓದದೆ ಯಂತ್ರಕ್ಕೆ ಓದಿಸಿ, ಅದು ಹೇಳಿದ್ದನ್ನು ಇವನಿಗೆ ಕಳಿಸುತ್ತಿದ್ದರು. ಮಾನ್ಯರೇ, ನಿಮ್ಮ ಅಮೂಲ್ಯ ಕೆಲಸಕ್ಕೆ ವಂದನೆಗಳು ಎಂದು ಶುರುವಾಗಿ, ಇಲ್ಲದ ಸಾಲಿನಲ್ಲಿ ಇಲ್ಲದ ತಪ್ಪು ತೋರಿಸಿ, ಅದರ ಪರಿಣಾಮ ವಿವರಿಸಿ, ಮತ್ತೆ ವಂದಿಸಿ ಮುಗಿಯುವ ಪತ್ರಗಳು. ವಾರಕ್ಕೆ ನಲವತ್ತು. ಕಣ್ಣಿದ್ದವನು ಇಂಥ ಪತ್ರವನ್ನು ಒಮ್ಮೆ ನೋಡಿ ಅಳಿಸಿಬಿಡುತ್ತಾನೆ. ಕುರುಡನಿಗೆ ಆ ಸೌಲಭ್ಯವಿಲ್ಲ. ಕಿವಿಗೆ ಮೇಲಿಂದ ಕೆಳಕ್ಕೆ ಕಣ್ಣಾಡಿಸಲು ಬರುವುದಿಲ್ಲ. ಸುಳ್ಳೋ ನಿಜವೋ ತಿಳಿಯಲು ಒಂದೊಂದನ್ನೂ ಸಾಲು ಸಾಲು ಕೇಳಬೇಕು. ಆರು ತಿಂಗಳು ಕೇಳಿದ. ಮೊದಮೊದಲು ಸಭ್ಯವಾಗಿ ಉತ್ತರವನ್ನೂ ಬರೆದ, ಆ ಉತ್ತರಕ್ಕೂ ಯಂತ್ರವೇ ಮರುತ್ತರ ಬರೆಯಿತು. ಕಿಂಡಿಯ ಕೆಲಸಕ್ಕೆ ಎತ್ತಿಟ್ಟಿದ್ದ ಬೆಳಗಿನ ಎರಡು ಗಂಟೆ ಪೂರ್ತಿ ಇದಕ್ಕೇ ಹೋಗುತ್ತಿತ್ತು.

ಕೊನೆಗೆ ರೇಗಿ ಒಂದು ನಿಯಮ ಮಾಡಿಟ್ಟ. ಕೇಳಲು ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಪತ್ರ ಬಂದರೆ ಅದು ತಾನಾಗಿ ಒಂದು ಕಡತಕ್ಕೆ ಹೋಗಿ ಬೀಳಬೇಕು, ತನ್ನ ಕಿವಿಗೆ ಬರಕೂಡದು. ಆ ಕಡತಕ್ಕೆ ಬಾವಿ ಎಂದು ಹೆಸರಿಟ್ಟ. ಮನುಷ್ಯನಾದವನು ಚಿಕ್ಕದಾಗಿ ಬರೀತಾನೆ, ಉದ್ದಕ್ಕೆ ಕೊರೆಯೋದು ಯಂತ್ರ, ಎಂದು ಹೆಂಡತಿಗೆ ವಿವರಿಸಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

“ನಿಮ್ಮ ಯೂನಿಯನ್‌ನೋರು ಮೈಕ್ ಹಿಡಿದ್ರೆ ಮಧ್ಯಾಹ್ನದ ತನಕ ಬಿಡ್ತಿರಲಿಲ್ಲ. ಅವರೆಲ್ಲ ಯಂತ್ರಗಳೇನ್ರೀ?”

ಅವನು ನಕ್ಕ. ಬಾವಿ ತುಂಬುತ್ತ ಹೋಯಿತು. ಅವನ ತುಣುಕು ಕೆಟ್ಟಿರಲಿಲ್ಲ, ಹಾಗಾಗಿ ಹದಿನಾಲ್ಕು ತಿಂಗಳು ಅವನು ಅದನ್ನು ಮುಟ್ಟಲೂ ಇಲ್ಲ. ಮನೆಯ ಕಂಪ್ಯೂಟರಿನಲ್ಲಿ ಹಳೇ ಆವೃತ್ತಿಯೇ ಓಡುತ್ತಿತ್ತು. ಕಾಲಿಗೆ ಹೊಂದಿದ ಚಪ್ಪಲಿ ಬದಲಿಸುವ ಜಾಯಮಾನ ಅವನದಲ್ಲ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು ಒಂದು ಭಾನುವಾರ ಎಲ್ಲ ಯಂತ್ರಕ್ಕೂ ಹೊಸ ಆವೃತ್ತಿ ಹಾಕಿದರು. ಸೋಮವಾರ ಬೆಳಿಗ್ಗೆ ಏಳಕ್ಕೆ ಎಕ್ಸ್‌ಚೇಂಜ್ ಬಂದು ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದ. ಫ್ಯಾನು ತಿರುಗಿತು, ದನಿ ಬರಲಿಲ್ಲ. ಸ್ಪೀಕರಿನ ತಂತಿ ಮುಟ್ಟಿ ನೋಡಿದ. ಮತ್ತೆ ಒತ್ತಿದ. ಒಳಗೆ ಹೋಗದೆ ಕರೆ ದಾಟಿಸುವಂತಿಲ್ಲ. ಆರುನೂರ ನಲವತ್ತು ನಂಬರು ತಲೆಯಲ್ಲಿಟ್ಟುಕೊಂಡವನ ಎದುರು ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಆಯಾ ಬರುವವರೆಗೆ, ಅಂದರೆ ಮೂವತ್ತೆಂಟು ನಿಮಿಷ, ಆಸ್ಪತ್ರೆ ಹೊರಲೋಕದ ಪಾಲಿಗೆ ಸತ್ತಿತ್ತು. ಅವಳು ಬಂದು ಪರದೆ ನೋಡಿ, ಹೆಸರು ಕೇಳ್ತಿದೆ ತಮ್ಮಾ, ಅಂದಳು. ಇವನು ಒಂದೊಂದು ಅಕ್ಷರ ಹೇಳಿದ, ಅವಳು ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದಳು. ಹನ್ನೊಂದು ವರ್ಷ ಯಾರಿಗೂ ಹೇಳದ ಗುಟ್ಟಿನ ಪದವನ್ನು ಗಟ್ಟಿಯಾಗಿ ಹೇಳಬೇಕಾಯಿತು. ಒಳಗೆ ಹೋದರೂ ದನಿ ಏಳಲಿಲ್ಲ, ಎಬ್ಬಿಸುವವನೇ ಬಾಗಿಲಲ್ಲಿ ಇರಲಿಲ್ಲವಲ್ಲ.

ಅವನು ಕಂಪ್ಯೂಟರ್ ವಿಭಾಗಕ್ಕೆ ಗೋಡೆ ಹಿಡಿದು ಹೋದ. ಅಲ್ಲಿನ ಮುಖ್ಯಸ್ಥ ಒಳ್ಳೆಯವನೇ. ನೋಡಿ, ತಲೆ ಕೆರೆದುಕೊಂಡು, ಆ ತುಣುಕು ಹೊಸ ಮೂಟೆಯಲ್ಲೇ ಇಲ್ಲ ಅಣ್ಣ, ಮೇಲಿನವರೇ ತೆಗೆದುಬಿಟ್ಟಿದ್ದಾರೆ, ಅಂದ. ನನ್ನದನ್ನ ನನಗೆ ಹೇಳದೆ ಯಾರು ತೆಗೀತಾರೆ, ಅಂದ ಎಕ್ಸ್‌ಚೇಂಜ್. ಅದು ನನಗೆ ಗೊತ್ತಿಲ್ಲ ಅಣ್ಣ, ಅಂದ. ಆ ಒಂದು ಯಂತ್ರಕ್ಕೆ ಹಳೇ ಆವೃತ್ತಿ ಹಾಕಿಕೊಡು ಎಂದರೆ, ಹಳೆಯದಕ್ಕೆ ಇನ್ನು ರಿಪೇರಿ ಬರುವುದಿಲ್ಲ, ರೋಗಿಗಳ ಮಾಹಿತಿ ಇರುವ ಜಾಲಕ್ಕೆ ಅಂಥ ಯಂತ್ರ ಜೋಡಿಸಿದರೆ ತನ್ನ ನೌಕರಿ ಹೋಗುತ್ತದೆ, ಎಂದ. ಅದೂ ನಿಜವೇ ಆಗಿತ್ತು.

ಆಡಳಿತಾಧಿಕಾರಿ ಕೂರಿಸಿ ಮಾತಾಡಿದ. ಮೂವತ್ತೆಂಟು ನಿಮಿಷದ ಬಗ್ಗೆ ಮೇಲಿನಿಂದ ಪ್ರಶ್ನೆ ಬಂದಿದೆ, ಆಯಾಳನ್ನು ದಿನವೂ ನಿನ್ನ ಪಕ್ಕ ಕೂರಿಸಲು ಆಗುವುದಿಲ್ಲ, ಹತ್ತು ದಿನ ಕೊಡುತ್ತೇನೆ, ಹನ್ನೊಂದನೇ ದಿನ ನನ್ನೆದುರು ಒಬ್ಬನೇ ಬಾಗಿಲು ತೆಗೆದು ಕೆಲಸ ಮಾಡಿ ತೋರಿಸು, ಇಲ್ಲದಿದ್ದರೆ ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ, ಎಂದ. ಬೇರೆ ವ್ಯವಸ್ಥೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ಕರೆ ಬಂದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಯಂತ್ರ ಮಾರುವವನು ಆಗಲೇ ಎರಡು ಸಲ ಬಂದು ಟೀ ಕುಡಿದು ಹೋಗಿದ್ದ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಅವನು ಬಾವಿಗೆ ಇಳಿದ. ಸಾವಿರದ ಎಂಟುನೂರು ಪತ್ರಗಳಿದ್ದವು. ತನ್ನ ತುಣುಕಿನ ಹೆಸರು, ತೆಗೆಯುವುದು ಎಂಬ ಪದ, ಎರಡೂ ಇರುವ ಪತ್ರ ಹುಡುಕಿದ. ಮೂರು ಸಿಕ್ಕವು. ಮೂರೂ ಒಬ್ಬನವೇ. ಎಲ್ಲೋ ದೂರದ ಊರಿನಲ್ಲಿ ಶಾಲೆಯಲ್ಲಿ ಗಣಿತ ಕಲಿಸುತ್ತ, ಪಾಠ ಮುಗಿದ ಮೇಲೆ ಈ ಸಂಬಳವಿಲ್ಲದ ಕೆಲಸ ಮಾಡುವ ಮೇಷ್ಟ್ರು. ಇವನಿಗೆ ಎಂಟು ವರ್ಷದಿಂದ ಪತ್ರದ ಪರಿಚಯ.

ಹೆಂಡತಿಯೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಸಾಲು ಸಾಲಿಗೂ ನಿಲ್ಲಿಸಿ ಅವಳಿಗೆ ಅರ್ಥ ಹೇಳಿದ. ಹನ್ನೊಂದು ನಿಮಿಷದ ಪತ್ರ. ಮೇಷ್ಟ್ರು ನೋಯಿಸಬಾರದೆಂದು ಎಲ್ಲವನ್ನೂ ಬಿಡಿಸಿ ಬರೆದಿದ್ದರು. ಹಳೇ ಪರದೆ ವ್ಯವಸ್ಥೆ ಯಾಕೆ ಹೋಗುತ್ತಿದೆ, ನಿಮ್ಮ ತುಣುಕು ಹೊಸದರಲ್ಲಿ ಯಾಕೆ ನಡೆಯುವುದಿಲ್ಲ, ನಡೆಯುವಂತೆ ಮಾಡಲು ಎಲ್ಲಿ ಎಲ್ಲಿ ತಿದ್ದಬೇಕು, ನನಗೆ ತಿಳಿದಷ್ಟು ಗುರುತು ಹಾಕಿದ್ದೇನೆ. ನಿಮ್ಮ ಆರೋಗ್ಯ ಚೆನ್ನಾಗಿದೆ ಎಂದುಕೊಂಡಿದ್ದೇನೆ, ಬಹಳ ದಿನದಿಂದ ನಿಮ್ಮ ಸುದ್ದಿಯಿಲ್ಲ. ಹತ್ತನೇ ನಿಮಿಷದಲ್ಲಿ ಆ ಸಾಲು ಬಂತು: ಇದನ್ನು ಇನ್ನೂ ಬಳಸುವವರಿದ್ದರೆ, ನೋಡಿಕೊಳ್ಳುವವರಿದ್ದರೆ ಒಂದೇ ಒಂದು ಪದ ಬರೆಯಿರಿ, ಸಾಕು, ತೊಂಬತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಯಾರಿಗೂ ಬೇಡವೆಂದು ತಿಳಿದು ತೆಗೆಯುತ್ತೇವೆ.

ಉಳಿದೆರಡು ಜ್ಞಾಪನೆಗಳು. ಮೇಲೆ ಎರಡೆರಡೇ ಸಾಲು. ಆದರೆ ಮರೆತಿರಬಹುದೆಂದು ಮೊದಲ ಪತ್ರವನ್ನು ಪೂರ್ತಿಯಾಗಿ ಕೆಳಗೆ ಅಂಟಿಸಿದ್ದರು. ಹಾಗಾಗಿ ಅವೂ ಐದು ನಿಮಿಷ ದಾಟಿದ್ದವು, ಅವೂ ಬಾವಿಗೇ ಬಿದ್ದಿದ್ದವು.

ಹೆಂಡತಿ ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟಳು. ಆಮೇಲೆ ಅಂದಳು:

“ಮೂರು ಸಲ ಬಾಗಿಲು ತಟ್ಟಿದಾರೆ ಪಾಪ. ನೀವು ಒಳಗೇ ಇದ್ರಿ.”

ಬಳಸುತ್ತಿದ್ದವರು ಯಾಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಬಹುದು. ಕೈಕಾಲು ತಿಕ್ಕುವ ಹೆಂಗಸು, ವಕೀಲಿಕೆಯ ಹುಡುಗಿ, ಇವರ್ಯಾರೂ ಲಿನಕ್ಸ್ ಕಟ್ಟುವವರು ತಮ್ಮೊಳಗೆ ಪತ್ರ ಹಂಚಿಕೊಳ್ಳುವ ಬಳಗದಲ್ಲಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇವನೊಬ್ಬ. ಅವರೆಲ್ಲರ ಪರವಾಗಿ ಒಂದು ಪದ ಬರೆಯಬೇಕಾಗಿದ್ದವನು ಇವನೇ. ಬೋರ್ಡಿಗೆ ಅಂಟಿಸಿದ ನೋಟಿಸಿನ ವಿರುದ್ಧ ಐದು ದಿನ ಚಾಪೆಯ ಮೇಲೆ ಕೂತವನು, ತನ್ನ ಕೈಯಾರೆ ತನಗೊಂದು ಬೋರ್ಡು ಕಟ್ಟಿಕೊಂಡಿದ್ದ.

ಅಂದೇ ಮೇಷ್ಟ್ರಿಗೆ ಬರೆದ. ಬದುಕಿದ್ದೇನೆ, ತಪ್ಪು ನನ್ನದು, ವಾಪಸ್ ಸೇರಿಸಿ. ನಾಲ್ಕು ಗಂಟೆಯೊಳಗೆ ಉತ್ತರ ಬಂತು, ಈ ಸಲ ಎರಡೇ ನಿಮಿಷದ್ದು. ಬದುಕಿದ್ದೀರಲ್ಲ, ಅದೇ ಸಮಾಧಾನ. ತುಣುಕು ಹಳೇ ಜಾಗದಲ್ಲಿ ಸುರಕ್ಷಿತವಾಗಿದೆ, ಆದರೆ ಅದು ನಿಂತಿದ್ದ ನೆಲವೇ ಈಗಿಲ್ಲ, ಹೊಸ ವ್ಯವಸ್ಥೆಗೆ ಹೊಸದಾಗಿ ಬರೆಯಬೇಕು, ಗೊತ್ತಿರುವವರು ಪೂರ್ತಿ ಸಮಯ ಕೂತರೂ ಮೂರು ತಿಂಗಳು. ಬರೆದು ಕಳಿಸಿ, ಕಣ್ಣಿಗೊತ್ತಿಕೊಂಡು ಸೇರಿಸುತ್ತೇವೆ. ನಾನೇ ಬರೆಯುತ್ತಿದ್ದೆ, ಆದರೆ ನನ್ನ ತಲೆಯ ಮೇಲೂ ಇಂಥ ಇಪ್ಪತ್ತಾರು ಇವೆ.

ಬೈಯಲು ಒಬ್ಬ ಸಿಕ್ಕಿದ್ದರೆ ಚೆನ್ನಾಗಿತ್ತು. ನಮಗೆ ಅಭ್ಯಾಸವಾಗಿದ್ದದ್ದು ಆ ಥರದ ಜಗಳ. ಇಲ್ಲಿ ಎದುರಿಗಿದ್ದವನೂ ಇವನ ಹಾಗೇ ಪುಕ್ಕಟೆ ದುಡಿಯುವವನು, ಇವನ ಹಾಗೇ ಸುಸ್ತಾದವನು. ಈ ವ್ಯವಸ್ಥೆಯ ಮೇಲೆ ದೊಡ್ಡ ದೊಡ್ಡ ಕಂಪನಿಗಳು ಮಹಡಿ ಮೇಲೆ ಮಹಡಿ ಕಟ್ಟಿಕೊಂಡಿವೆ. ಅಡಿಪಾಯದ ಕಲ್ಲು ಹೊತ್ತವರಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಟೆಲಿಫೋನ್ ಆಪರೇಟರ್. ಯಾವ ಗೇಟಿನ ಮುಂದೆ ಚಾಪೆ ಹಾಸುವುದು?

ಹತ್ತು ದಿನದಲ್ಲಿ ಅವನು ಮಾಡಿದ್ದೇನೂ ಕೂಡಿಬರಲಿಲ್ಲ. ಹನ್ನೊಂದನೇ ದಿನ ಆಡಳಿತಾಧಿಕಾರಿಯ ಎದುರು ಕೂತು, ಎಷ್ಟು ಸೆಕೆಂಡಿಗೆ ಯಾವ ಪರದೆ ಬರುತ್ತದೆಂದು ಎಣಿಸಿಟ್ಟುಕೊಂಡಿದ್ದ ಲೆಕ್ಕದ ಮೇಲೆ, ದನಿಯಿಲ್ಲದೆಯೇ ಹೆಸರು, ಗುಟ್ಟಿನ ಪದ ಒತ್ತಿದ. ಮೊದಲ ಸಲ ಒಳಗೆ ಹೋದ. ಇನ್ನೊಂದು ಸಲ ತೋರಿಸು ಅಂದರು. ಆ ಸಲ ಯಂತ್ರ ಎರಡು ಸೆಕೆಂಡು ತಡ ಮಾಡಿತು. ಅಕ್ಷರಗಳೆಲ್ಲ ಗಾಳಿಗೆ ಹೋದವು. ಅವನಿಗೆ ಅದು ಗೊತ್ತಾಗಲಿಲ್ಲ. ಒಳಗೆ ಬಂದಿದ್ದೇನೆ ಎಂದುಕೊಂಡು, ರಕ್ತನಿಧಿಗೆ ಹಾಕಲಾ ಸರ್, ಎಂದು ಕೇಳಿದ. 

ಮೂರು ದಿನಕ್ಕೆ ಆದೇಶ ಬಂತು. ಒಪ್ಪಂದದ ಪ್ರಕಾರ ಅದನ್ನು ಗಟ್ಟಿಯಾಗಿ ಓದಬೇಕಾದವಳು ಆಯಾ. ಅವಳು ಬಾಗಿಲಲ್ಲೇ ನಿಂತಳು. ಕಾಗದ ಮಡಚಿದಳು, ಮತ್ತೆ ಬಿಚ್ಚಿದಳು.

“ಓದಕ್ಕಾ,” ಅಂದ.

“ಬೇರೆ ಯಾರಾದ್ರೂ ಓದ್ಲಿ ತಮ್ಮಾ. ಕನ್ನಡಕ ತಂದಿಲ್ಲ ನಾನು.”

“ನಿನಗೆ ಕನ್ನಡಕ ಯಾವಾಗ ಬಂತು? ಐದು ದಿನ ಬಿಸಿಲಲ್ಲಿ ಕೂತು ತಗೊಂಡಿರೋ ಹಕ್ಕು ಇದು. ಓದು.”

ಅವಳು ಓದಿದಳು. ಆಡಳಿತದ ಹಿತದೃಷ್ಟಿಯಿಂದ, ಸಂಬಳ ಮತ್ತು ಸೇವಾ ಹಿರಿತನಕ್ಕೆ ಧಕ್ಕೆಯಾಗದಂತೆ, ಸದರಿ ನೌಕರನನ್ನು ಹಳೇ ಕಡತಗಳ ಕೋಣೆಗೆ ವರ್ಗಾಯಿಸಲಾಗಿದೆ. ಮೂರು ವಾರ್ಡಿಗೆ ಕೇಳುವ ಗಂಟಲು ಆ ದಿನ ಆ ಕೋಣೆಯಾಚೆ ಹೋಗಲಿಲ್ಲ. ಓದಿ ಮುಗಿಸಿ ಅವನ ಬೆರಳು ಹಿಡಿದು ಸಹಿ ಮಾಡುವ ಜಾಗಕ್ಕೆ ಒಯ್ದಳು. ಅವನು ಸಹಿ ಹಾಕಿದ. ಎಲ್ಲ ನಿಯಮದ ಪ್ರಕಾರವೇ ನಡೆಯಿತು. ಎತ್ತಂಗಡಿಯೂ ಇಷ್ಟು ಮರ್ಯಾದೆಯಿಂದ ಆಗಬಹುದೆಂದು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಹಳೇ ಕಡತಗಳ ಕೋಣೆಯಲ್ಲಿ ಕಾಗದ ಬಿಟ್ಟು ಬೇರೇನಿಲ್ಲ. ಕುರುಡನಿಗೆ ಕಾಗದದ ಕೋಣೆ. ಒಂದು ಮೇಜು, ಕೈಯಿಲ್ಲದ ಕುರ್ಚಿ, ಒಂದು ಟೆಲಿಫೋನು. ಅದರ ನಂಬರು ನಾನೂರ ಹನ್ನೆರಡು. ಇಪ್ಪತ್ತಾರು ವರ್ಷದಲ್ಲಿ ಯಾರೂ ಆ ನಂಬರಿಗೆ ಹಾಕಿಕೊಡಿ ಎಂದು ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಕೆಲಸವಿಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತದೆ. ಯೂನಿಯನ್ನಿನ ಈಗಿನ ಕಾರ್ಯದರ್ಶಿಯ ಹತ್ತಿರ ಹೋದರೆ, ಸಂಬಳ ಕಡಿಮೆ ಆಯ್ತಾ ಅಣ್ಣ, ಇಲ್ಲವಲ್ಲ, ಕೂತು ಉಣ್ಣೋ ಯೋಗ ಎಷ್ಟು ಜನಕ್ಕಿದೆ ಹೇಳಿ, ಅಂದನಂತೆ. ಕೆಲಸ ಕಿತ್ತುಕೊಂಡು ಕೂಳು ಹಾಕುವುದು ಎಂಥ ಬೈಗುಳ ಎಂಬುದು ಆ ಕಾರ್ಯದರ್ಶಿಗೆ ತಿಳಿಯಲಿಲ್ಲ. ತಿಳಿಯುವವರೆಲ್ಲ ನಿವೃತ್ತರಾಗಿದ್ದರು, ಇಲ್ಲವೇ ಸತ್ತಿದ್ದರು.

ಎಕ್ಸ್‌ಚೇಂಜ್ ಮೊದಲು ಮಾಡಿದ ಕೆಲಸ ಬಾವಿ ಮುಚ್ಚಿದ್ದು. ನಿಯಮ ತೆಗೆದುಹಾಕಿ, ಮನೆಯ ಯಂತ್ರವನ್ನು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು, ಸಾವಿರದ ಎಂಟುನೂರು ಪತ್ರಗಳನ್ನೂ ಮೊದಲಿನಿಂದ ಕೇಳುತ್ತ ಹೋದ. ಮಾನ್ಯರೇ, ನಿಮ್ಮ ಅಮೂಲ್ಯ ಕೆಲಸಕ್ಕೆ ವಂದನೆಗಳು. ಪೂರ್ತಿ ಕೇಳಿದ. ಅವುಗಳಲ್ಲಿ ಮನುಷ್ಯರು ಬರೆದವು ಏಳು ಸಿಕ್ಕವು. ಒಂದು ಆ ಕೈಕಾಲು ತಿಕ್ಕುವ ಹೆಂಗಸಿನದು. ತನ್ನ ಕಂಪ್ಯೂಟರ್ ಮೂಕವಾಗಿದೆಯೆಂದೂ, ಗಿರಾಕಿಗಳ ಸಮಯ ಬರೆದುಕೊಳ್ಳಲು ಪಕ್ಕದ ಮನೆಯವಳನ್ನು ಕರೆಯಬೇಕಾಗಿದೆಯೆಂದೂ, ಅವಳು ಕೈಗೆ ಸಿಕ್ಕದ ದಿನ ಕೆಲಸ ನಿಲ್ಲುತ್ತಿದೆಯೆಂದೂ ಉದ್ದಕ್ಕೆ ಹೇಳಿಕೊಂಡಿದ್ದಳು. ಅವನು ಒಂದು ಸಾಲು ಉತ್ತರ ಬರೆದ: ಈಗ ಕೇಳಿದೆ, ಮಾಡುತ್ತಿದ್ದೇನೆ.

ಮಾಡಿದ. ಹತ್ತು ತಿಂಗಳು ಹಿಡಿಯಿತು. ಮೇಷ್ಟ್ರು ಹಾಕಿಟ್ಟಿದ್ದ ಗುರುತುಗಳೇ ದಾರಿ ತೋರಿಸಿದವು; ತೊಂಬತ್ತು ದಿನದೊಳಗೆ ಕೇಳಿದ್ದರೆ ಆಗಲೇ ತೋರಿಸುತ್ತಿದ್ದವು. ಗೋಡೆಗೆ ಕಿಂಡಿ ಕೊರೆದು, ಕಳ್ಳ ನುಗ್ಗದ ಹಾಗೆ ಸರಳು ಹಾಕಿ, ಬಾಗಿಲ ದನಿಯನ್ನು ಮತ್ತೆ ನಿಲ್ಲಿಸಿದ. ಮೂಟೆಗೆ ಸೇರಿತು. ಕೈಕಾಲು ತಿಕ್ಕುವ ಹೆಂಗಸು, ತೆಗೆದೆ, ನಾನೇ ತೆಗೆದೆ, ಎಂದು ಬರೆದಳು.

ಆ ಪತ್ರ ಬಂದ ದಿನವೇ ಅವನು ಆಡಳಿತಾಧಿಕಾರಿಯ ಕೋಣೆಗೆ ಹೋದ. ಒಗೆದ ಅಂಗಿ ಹಾಕಿಕೊಂಡಿದ್ದ, ಹೆಂಡತಿ ಗುಂಡಿ ಬಿಗಿದು ಕೊಟ್ಟಿದ್ದಳು. ದನಿ ಬಂದಿದೆ ಸರ್, ಹೊಸ ಆವೃತ್ತಿಯಲ್ಲೇ ಇದೆ, ನೂರು ಸಲ ತೋರಿಸು ಅಂದರೂ ತೋರಿಸ್ತೀನಿ, ಕುರ್ಚಿಗೆ ವಾಪಸ್ ಹಾಕಿ, ಅಂದ. ಅಧಿಕಾರಿ ಅಭಿನಂದಿಸಿದ. ನಿಜವಾಗಿ ಸಂತೋಷಪಟ್ಟ ಹಾಗೇ ಇತ್ತು.

“ಆದ್ರೆ ಆ ಪೋಸ್ಟೇ ಇಲ್ವಲ್ಲಪ್ಪ ಈಗ. ರದ್ದಾಗಿ ಎರಡು ತಿಂಗಳಾಯ್ತು.”

“ನನಗೆ ಓದಿ ಹೇಳಲಿಲ್ಲ ಸರ್.”

“ನಿನಗೆ ಸಂಬಂಧಪಟ್ಟ ನೋಟಿಸ್ ಅಂತಲ್ವಾ ಒಪ್ಪಂದದಲ್ಲಿರೋದು? ನೀನಾಗ ಕಡತದ ಕೋಣೇಲಿದ್ದೆ. ಆ ಪೋಸ್ಟ್ ನಿಂದಾಗಿರಲಿಲ್ಲ. ಬೋರ್ಡಿಗೆ ಹಾಕಿದ್ವಿ, ಹದಿನೈದು ದಿನ ಇತ್ತು. ಯಾರೂ ಏನೂ ಅನ್ನಲಿಲ್ಲ.”

ಎಕ್ಸ್‌ಚೇಂಜ್ ಎದ್ದು ಬಂದ. ಬೋರ್ಡಿನ ಮುಂದೆ ನಿಂತು ಅದರ ಗಾಜಿನ ಮೇಲೆ ಕೈಯಾಡಿಸಿದನಂತೆ. ಆಯಾ ದೂರದಿಂದ ನೋಡಿ ಬಂದು, ಅಲ್ಲೇನೂ ಇಲ್ಲ ತಮ್ಮಾ, ರಕ್ತದಾನದ್ದು ಒಂದಿದೆ, ಅಂದಳು. ಕಾರ್ಯದರ್ಶಿ ಆ ನೋಟಿಸ್ ನೋಡಿದ್ದನಂತೆ. ಸಂಬಳಕ್ಕೇನೂ ತೊಂದರೆಯಿಲ್ಲವಲ್ಲ ಎಂದುಕೊಂಡನಂತೆ. ಆ ತೂತು ನಾವು ಗೆದ್ದು ಬರೆಸಿದ ಸಾಲಿನಲ್ಲೇ ಇತ್ತು. ಗೆದ್ದ ದಿನ ಸಿಹಿ ಹಂಚುವ ಭರದಲ್ಲಿ ಯಾರೂ ಅದನ್ನು ಎರಡನೇ ಸಲ ಓದಿರಲಿಲ್ಲ.

ಮೆಟ್ಟಿಲ ಅಡಿಯ ಕೋಣೆಯಲ್ಲಿ ಈಗ ಮುರಿದ ಗಾಲಿಕುರ್ಚಿಗಳನ್ನು ತುಂಬಿದ್ದಾರೆ.

ನಿವೃತ್ತಿಗೆ ಇನ್ನು ಮೂರು ವರ್ಷ. ಅವನು ಕಡತದ ಕೋಣೆಯಲ್ಲೇ ಕೂರುತ್ತಾನೆ. ಈಚೆಗೆ ಮೇಷ್ಟ್ರು ತಮ್ಮ ತಲೆಯ ಮೇಲಿನ ಇಪ್ಪತ್ತಾರರಲ್ಲಿ ಒಂಬತ್ತನ್ನು ಇವನಿಗೆ ದಾಟಿಸಿದ್ದಾರೆ. ಅವುಗಳಲ್ಲಿ ಒಂದು ಬ್ರೈಲ್ ಚುಕ್ಕಿ ಮೂಡಿಸುವ ತೀರಾ ಹಳೇ ಯಂತ್ರವೊಂದನ್ನು ನಡೆಸುವ ತುಣುಕು. ಬಳಸುವವರು ಯಾರೂ ಉಳಿದಿರಲಿಕ್ಕಿಲ್ಲ, ಪದ್ಧತಿಯಂತೆ ಪತ್ರ ಹಾಕಿ ತೊಂಬತ್ತು ದಿನ ಕಾಯ್ದು ತೆಗೆದುಬಿಡಿ ಎಂದು ಬರೆದಿದ್ದರು. ಎಕ್ಸ್‌ಚೇಂಜ್ ಪತ್ರ ಹಾಕಲಿಲ್ಲ. ಆ ಯಂತ್ರ ಕೊಂಡವರ ಹಳೇ ಪಟ್ಟಿಯೊಂದನ್ನು ಕುರುಡರ ಸಂಘದಿಂದ ತರಿಸಿದ. ನೂರ ಹದಿನೇಳು ಹೆಸರು, ಅದರಲ್ಲಿ ಎಂಬತ್ತೊಂದಕ್ಕೆ ಟೆಲಿಫೋನ್ ನಂಬರಿತ್ತು. ಒಂದೊಂದಾಗಿ ಕರೆ ಮಾಡುತ್ತಿದ್ದಾನೆ. ಬಹುಪಾಲು ನಂಬರುಗಳು ಸತ್ತಿವೆ. ಎತ್ತಿದ ಮನೆಗಳಲ್ಲೂ ಯಂತ್ರದ ಒಡೆಯರು ಸತ್ತಿದ್ದಾರೆ. ಒಂದು ಕಡೆ ಮಗಳೊಬ್ಬಳು, ಅಪ್ಪ ಹೋಗಿ ಐದು ವಾರ ಆಯ್ತು, ಹೋಗೋ ದಿನದ ತನಕ ಅದರಲ್ಲೇ ಬರೀತಿದ್ರು, ಅಂದಳು. ಅವನು ಕ್ಷಮೆ ಕೇಳಿ, ಆ ಹೆಸರಿನ ಮುಂದೆ ಗುರುತು ಹಾಕಿ, ಮುಂದಿನದಕ್ಕೆ ಹೋದ. ಐವತ್ತಮೂರು ಮುಗಿದಿವೆ.

ನಾನೂರ ಹನ್ನೆರಡರಿಂದ ಹೊರಗೆ ಕರೆ ಹೋಗಬೇಕಾದರೆ ಈಗ ಆ ಹೊಸ ಯಂತ್ರದ ಮೂಲಕವೇ ಹೋಗಬೇಕು. ನಮಸ್ಕಾರ, ಆಸ್ಪತ್ರೆಗೆ ಸ್ವಾಗತ, ತುರ್ತು ಚಿಕಿತ್ಸೆಗೆ ಒಂದನ್ನು ಒತ್ತಿ, ಹೊರರೋಗಿ ವಿಭಾಗಕ್ಕೆ ಎರಡನ್ನು ಒತ್ತಿ. ಹೊರಗಿನ ಕರೆಗೆ ಒಂಬತ್ತು. ಅದು ಎಲ್ಲರಿಗೂ ಗೊತ್ತು, ಶುರುವಿನಲ್ಲೇ ಒಂಬತ್ತು ಒತ್ತಿದರೆ ಉಳಿದದ್ದನ್ನು ಕೇಳಬೇಕಾಗಿಲ್ಲ. ಅವನು ಒತ್ತುವುದಿಲ್ಲ. ಬೆರಳನ್ನು ಒಂಬತ್ತರ ಮೇಲಿಟ್ಟುಕೊಂಡು ಒಂದರಿಂದ ಎಂಟರವರೆಗೆ ಪೂರ್ತಿ ಕೇಳಿಸಿಕೊಳ್ಳುತ್ತಾನೆ.